ಬಿಟ್ಟುಬಂದ ಪೊದೆಯ ಮಾತು

ಒಂದು ಕಾಡಿನಲ್ಲಿ ಒಂದು ಎಲಚಿ ಪೊದೆಯಿತ್ತು. ಹುಲಿ, ಆನೆಗಳಿರುವ ದೊಡ್ಡ ಕಾಡಲ್ಲ ಮಕ್ಕಳೇ, ಬರೀ ಕುರುಚಲು ಕಾಡು. ಈಗ ಅಲ್ಲಿ ಆ ಪೊದೆಯೂ ಇಲ್ಲ, ಪೊದೆಯಿದ್ದ ಗುರುತೂ ಇಲ್ಲ. ಆದರೂ ನೆನೆದರೆ ಸಾಕು, ಒಣಹುಲ್ಲಿನ ಮತ್ತು ಹಣ್ಣಾದ ಎಲಚಿಯ ವಾಸನೆ ಮೂಗಿಗೆ ಬರುತ್ತದೆ. ಎಂಥ ಪೊದೆ ಅದು! ಹೊರಗೆಲ್ಲ ಮುಳ್ಳು, ಒಳಗೆ ಮೆತ್ತನೆಯ ಮಣ್ಣು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೆಲ್ಲ ಬೆಳಗ್ಗೆ ಮರಿಗಳನ್ನು ಅಲ್ಲಿ ಬಿಟ್ಟು ಕಾಳು ಹುಡುಕಲು ಹೋಗುತ್ತಿದ್ದವು. ಸಂಜೆ ಬಂದು ಕರೆದೊಯ್ಯುತ್ತಿದ್ದವು. ಅದಕ್ಕೆ ಮರಿಮನೆ ಎಂದೇ ಹೆಸರು.

ಮರಿಮನೆಯನ್ನು ನೋಡಿಕೊಳ್ಳುತ್ತಿದ್ದವಳು ಗೌಜಲಜ್ಜಿ ಎಂಬ ಮುದಿ ಗೌಜಲ ಹಕ್ಕಿ. ಅಜ್ಜಿ ಮಣ್ಣು ಕೆದರಿ ಗೆದ್ದಲು ಹುಡುಕುವುದನ್ನು ಕಲಿಸುತ್ತಿದ್ದಳು. ಗಿಡುಗನ ನೆರಳು ಬಿದ್ದರೆ ಕಲ್ಲಿನ ಹಾಗೆ ಕೂರುವುದನ್ನು ಕಲಿಸುತ್ತಿದ್ದಳು. ಮಧ್ಯಾಹ್ನವಾದರೆ ಮರಿಗಳೆಲ್ಲ ಅವಳ ರೆಕ್ಕೆಗಳ ಕೆಳಗೆ ಮಲಗಬೇಕು. ಜಾಗ ಸಾಲದ ಮರಿಗೆ ಬೆನ್ನ ಮೇಲೆ ಜಾಗ. ನಿದ್ದೆ ಬಾರದೆ ಯಾರಾದರೂ ಹಠ ಮಾಡಿದರೆ ಅಜ್ಜಿ ಯಾವಾಗಲೂ ಅದೇ ಕಥೆ ಹೇಳುತ್ತಿದ್ದಳು.

“ನಾನು ಈ ಕಾಡಿಗೆ ಬಂದಾಗ ನನ್ನನ್ನ ಒಳಗೆ ಬಿಡ್ಲೇ ಇಲ್ಲ ಕಣ್ರೋ. ಅಗೋ, ಆ ಲಕ್ಕಿಗಿಡದ ಕೆಳಗೆ ಕೂರಿಸಿದ್ರು. ನಾನು ಬಿಟ್ಟುಬಂದ ಪೊದೆಗೆ ಒಬ್ಬರು ಹೋಗಿ, ಅಲ್ಲಿನ ತಾಯಂದಿರನ್ನ ಕೇಳ್ಕೊಂಡು ಬರೋತನಕ ಒಂದು ಮರಿ ಮುಖಾನೂ ತೋರಿಸ್ಲಿಲ್ಲ.”

“ಏನಂತ ಕೇಳಿದ್ರಜ್ಜಿ?”

“‘ಇವಳ ಹತ್ರ ನಿಮ್ಮ ಮರೀನ ಇನ್ನೊಂದ್ಸಲ ಬಿಡ್ತೀರಾ?’ ಅಂತ. ಅಷ್ಟೇ.”

“ನಿಂಗೆ ಸಿಟ್ಟು ಬರ್ಲಿಲ್ವಾ?”

“ಸಿಟ್ಟು ಯಾಕೆ? ಇಂಥ ಕಡೆ ಮರಿಗಳು ಬದುಕ್ತವೆ ಅಂತ ಖುಷಿಯಾಯ್ತು. ಈಗ ಕಣ್ಮುಚ್ಚಿ.”

ಈ ಕಥೆ ಕೇಳುತ್ತಾ ಬೆಳೆದ ಮರಿಗಳಲ್ಲಿ ಚುಕ್ಕವ್ವ ಎಂಬ ಲಾವುಗೆ ಹಕ್ಕಿಯೂ ಒಬ್ಬಳು. ದೊಡ್ಡವಳಾದ ಮೇಲೆ ಅವಳು ದೂರದ ಹುರುಳಿ ಹೊಲದಲ್ಲಿ ಸಂಸಾರ ಹೂಡಿದಳು. ಹೊಲ ಕೊಯ್ದಾಗ ಅವಳ ಗೂಡು ತುಳಿತಕ್ಕೆ ಸಿಕ್ಕಿ ಹೋಯಿತು. ಉಳಿದದ್ದು ಒಂದೇ ಮರಿ. ಅದನ್ನು ಕರೆದುಕೊಂಡು ಅವಳು ತೌರಿಗೆ ಬಂದಳು. ಬಂದ ಕೆಲವೇ ದಿನಕ್ಕೆ ಗೌಜಲಜ್ಜಿ ತೀರಿಹೋದಳು. ಇಡೀ ಕಾಡು ಅತ್ತಿತು.

ಅಳುತ್ತಾ ಕೂತರೆ ಹೊಟ್ಟೆ ಕೇಳುತ್ತದೆಯೇ? ತಾಯಂದಿರು ಸರದಿಯ ಮೇಲೆ ಮರಿ ಕಾದರು. ಕಾಯುವವಳಿಗೆ ಅಂದು ಉಪವಾಸ. ಎಲ್ಲರೂ ಬಳಲಿದರು. ಅಂಥ ಹೊತ್ತಿನಲ್ಲಿ ಒಂದು ಕೆಂಬೂತ ಬಂತು.

ಕೆಂಬೂತ ಎಂದರೆ ಗೊತ್ತಲ್ಲ? ಕರಿ ಮೈ, ಕಂದು ರೆಕ್ಕೆ, ಕೆಂಪು ಕಣ್ಣು. ಬೆಳಗ್ಗೆ ಎದ್ದು ಅದರ ಮುಖ ಕಂಡರೆ ಶುಭ ಎನ್ನುತ್ತಾರೆ. ಹಾಗಾಗಿ ಅದನ್ನು ಕಂಡದ್ದೇ ಹಕ್ಕಿಗಳೆಲ್ಲ ಹಿಗ್ಗಿದವು.

“ಗುಡ್ಡದಾಚೆ ಹುಲ್ಲುಗಾವಲಲ್ಲಿ ನಾನು ಮರಿಗಳನ್ನೇ ನೋಡ್ಕೋತಿದ್ದೆ. ಇಲ್ಲಿ ಅಜ್ಜಿ ಹೋದ್ರಂತೆ, ಪಾಪ. ಮಕ್ಕಳ ಸೇವೆ ಮಾಡೋಣ ಅಂತ ಬಂದೆ,” ಎಂದಿತು ಕೆಂಬೂತ. ಆಮೇಲೆ ಕಾಡಿನ ಯಜಮಾನನಾಗಿದ್ದ ನವಿಲಿನ ಕಡೆ ತಿರುಗಿತು. “ಯಜಮಾನ್ರೇ, ನವಿಲನ್ನ ನೋಡಿ ಕೆಂಬೂತ ಪುಕ್ಕ ತರಿದುಕೊಂಡಿತು ಅಂತ ಎಲ್ಲರೂ ನನ್ನನ್ನ ಆಡ್ಕೋತಾರೆ. ಆಡ್ಕೊಳ್ಲಿ ಬಿಡಿ. ನಿಮ್ಮ ಹೆಸರಿನ ಪಕ್ಕ ನನ್ನ ಹೆಸರು ಬರುತ್ತಲ್ಲ, ಅದೇ ನನ್ನ ಪುಣ್ಯ.”

ನವಿಲಿಗೆ ಇನ್ನೇನು ಬೇಕು? ಅದರ ಕತ್ತು ಇನ್ನೊಂದು ಗೇಣು ಉದ್ದವಾಯಿತು.

“ನಾಳೆಯಿಂದಲೇ ಬಾರಪ್ಪ!” ಎಂದಿತು.

ಚುಕ್ಕವ್ವ ಮುಂದೆ ಬಂದಳು. “ಯಜಮಾನ್ರೇ, ಹಳೇ ಪದ್ಧತಿ ಇದೆಯಲ್ಲ. ಇವರು ಬಿಟ್ಟುಬಂದ ಕಡೆ ಒಂದು ಮಾತು ಕೇಳ್ಕೊಂಡು ಬರೋಣ.”

“ಅಯ್ಯೋ, ಶುಭದ ಹಕ್ಕೀನ ವಿಚಾರಿಸೋದಾ? ಕೆಟ್ಟದಾಗುತ್ತೆ ಕಣೇ!” ಎಂದು ತಾಯಂದಿರು ಕೆನ್ನೆ ಬಡಿದುಕೊಂಡರು.

ಕೆಂಬೂತ ನಕ್ಕಿತು. “ಕೇಳ್ಲಿ ಬಿಡಿ. ಅಷ್ಟು ದೂರ ಯಾಕೆ ಹೋಗ್ತೀರಿ? ನನ್ನ ಜೊತೆಗೆ ಬಂದಿರೋ ಓತಿಕ್ಯಾತನ್ನೇ ಕೇಳಿ.”

ಒಣಕೊಂಬೆಯ ಮೇಲೆ ಕೂತಿದ್ದ ಓತಿಕ್ಯಾತ ಯಾರೂ ಏನೂ ಕೇಳುವ ಮೊದಲೇ ತಲೆ ಆಡಿಸಿತು. ಅದು ಎಲ್ಲದಕ್ಕೂ ತಲೆ ಆಡಿಸುತ್ತದೆ. ಸಾಲದ್ದಕ್ಕೆ ಕೆಂಬೂತಕ್ಕೆ ಓತಿಕ್ಯಾತವೂ ಊಟವೇ. ಪಾಪದ ಪ್ರಾಣಿ ‘ಇಲ್ಲ’ ಎನ್ನುವುದಾದರೂ ಹೇಗೆ? ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ಇಲ್ಲಿ ಕೆಂಬೂತಕ್ಕೆ ಓತಿಕ್ಯಾತ ಸಾಕ್ಷಿಯಾಯಿತು.

“ಒಂದೇ ಮಾತು,” ಎಂದಿತು ಕೆಂಬೂತ. “ಮಧ್ಯಾಹ್ನ ತಾಯಂದಿರು ಈ ಕಡೆ ಬರಬಾರದು. ನಿಮ್ಮನ್ನ ಕಂಡ್ರೆ ಮರಿಗಳು ಅಳ್ತವೆ.”

ಎಲ್ಲರೂ ಒಪ್ಪಿದರು. ಚುಕ್ಕವ್ವ ಮಾತ್ರ ಒಪ್ಪಲಿಲ್ಲ. ಅಜ್ಜಿ ಯಾವ ತಾಯಿಗೂ ಬರಬೇಡ ಎಂದವಳಲ್ಲ. ಮರಿಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು.

ಚುಕ್ಕವ್ವ ಅಂದಿನ ಸರದಿಯ ತಾಯಿಗೆ ತನ್ನ ಮರಿಯನ್ನು ಒಪ್ಪಿಸಿ ಆಗಲೇ ಹೊರಟಳು. ಲಾವುಗೆಗೆ ದೂರ ಹಾರುವುದು ಸುಲಭವಲ್ಲ. ಸ್ವಲ್ಪ ಹಾರಿ, ಸ್ವಲ್ಪ ಓಡಿ, ಗುಡ್ಡ ದಾಟಿ ಹುಲ್ಲುಗಾವಲು ಸೇರುವಾಗ ಹೊತ್ತು ಮುಳುಗುತ್ತಿತ್ತು. ಹುಲ್ಲು ಚೆನ್ನಾಗಿತ್ತು, ನೀರೂ ಇತ್ತು. ಆದರೆ ಎಲ್ಲೂ ಮರಿಗಳ ಸದ್ದಿಲ್ಲ. ಒಂದು ನೆಲಗುಬ್ಬಿ ಖಾಲಿ ಗೂಡಿನ ಪಕ್ಕ ಕೂತಿತ್ತು.

“ಅಕ್ಕಾ, ಒಂದು ಮಾತು,” ಎಂದಳು ಚುಕ್ಕವ್ವ. “ಕೆಂಬೂತದ ಹತ್ರ ನಿಮ್ಮ ಮರೀನ ಇನ್ನೊಂದ್ಸಲ ಬಿಡ್ತೀರಾ?”

ನೆಲಗುಬ್ಬಿ ಖಾಲಿ ಗೂಡಿನ ಕಡೆ ನೋಡಿತು. “ಬಿಡೋಕೆ ನನ್ನ ಹತ್ರ ಮರಿ ಎಲ್ಲಿದೆ ತಾಯಿ?” ಎಂದಿತು.

ನೆಲಗುಬ್ಬಿ ಹೇಳುತ್ತಾ ಹೋಯಿತು. “ದಿನಾ ಒಂದೊಂದು ಮರಿ ಕಾಣೆಯಾಗ್ತಿತ್ತು. ಹಾವು ಬಂತು, ಮುಂಗುಸಿ ಬಂತು ಅಂತ ಕೆಂಬೂತ ಅಳ್ತಿತ್ತು. ಕೊನೆಗೆ ಒಂದು ಮರಿ ತಪ್ಪಿಸ್ಕೊಂಡು ಬಂದು ಹೇಳ್ತು. ಕಣ್ಣು ಮುಚ್ಚಿ ಒಬ್ಬೊಬ್ಬರೇ ಪೊದೆ ಹಿಂದೆ ಬರಬೇಕಂತೆ. ಅಮ್ಮನಿಗೆ ಹೇಳಬಾರದ ಆಟ ಅಂತೆ.”

“ಗೊತ್ತಾದ ಮೇಲೂ ನೀವು ಯಾರಿಗೂ ಹೇಳ್ಲಿಲ್ವಾ?”

“ಶುಭದ ಹಕ್ಕಿ ಮೇಲೆ ಗೂಬೆ ಕೂರಿಸಿದ್ರೆ ಪಾಪ ಸುತ್ಕೊಳ್ಳುತ್ತೆ ಅಂತ ಹೆದರಿದ್ವಿ. ‘ಬೇರೆ ಕಡೆ ಹೋಗಪ್ಪ, ಒಳ್ಳೇದಾಗ್ಲಿ’ ಅಂತ ಕಳಿಸಿಬಿಟ್ವಿ.”

“ನೀವು ಕಳಿಸಿದ್ದು ನಮ್ಮನೆಗೆ ಅಕ್ಕಾ. ನಂದು ಒಂದೇ ಮರಿ.”

ನೆಲಗುಬ್ಬಿ ತಲೆ ತಗ್ಗಿಸಿತು. ಆಮೇಲೆ ರೆಕ್ಕೆ ಕೊಡವಿ ಎದ್ದಿತು. “ನಡಿ. ನಾನೇ ಬಂದು ಹೇಳ್ತೀನಿ.”

ಅವರು ಕಾಡು ಮುಟ್ಟುವಾಗ ಬೆಳಕು ಹರಿದಿತ್ತು. ತಾಯಂದಿರು ಆಗಷ್ಟೇ ಕಾಳಿಗೆ ಹೊರಟಿದ್ದರು. ಮರಿಮನೆಯಲ್ಲಿ ಮರಿಗಳೆಲ್ಲ ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದವು. “ಮೊದಲು ಚುಕ್ಕೆ ಪುಟ್ಟ ಬರಲಿ,” ಎಂಬ ದನಿ ಪೊದೆಯ ಹಿಂದಿನಿಂದ ಬಂತು. ಚುಕ್ಕವ್ವನ ಮರಿ ತಡವರಿಸುತ್ತಾ ಆ ಕಡೆ ಹೊರಟಿತ್ತು.

“ಕಣ್ಣು ಬಿಡು ಮಗಾ!” ಎಂದು ಚುಕ್ಕವ್ವ ಕಾಡೇ ಬೆಚ್ಚುವಂತೆ ಕೂಗಿದಳು. ಮರಿ ಕಣ್ಣು ಬಿಟ್ಟಿತು. ಎದುರಿಗೇ ಕೆಂಬೂತದ ತೆರೆದ ಕೊಕ್ಕು! ಮರಿ ಓಡಿ ಬಂದು ತಾಯಿಯ ರೆಕ್ಕೆಯೊಳಗೆ ನುಗ್ಗಿತು.

ಕೂಗು ಕೇಳಿ, ಕಾಳಿಗೆ ಹೋದವರೆಲ್ಲ ಹಾರಿ ಬಂದರು. ನವಿಲೂ ಬಂತು.

“ಏನಮ್ಮ ಇದು? ಬರೀ ಆಟ,” ಎಂದಿತು ಕೆಂಬೂತ.

“ನಮ್ಮಲ್ಲೂ ಇದೇ ಆಟ ಆಡ್ತಿತ್ತು,” ಎಂದು ನೆಲಗುಬ್ಬಿ ಮುಂದೆ ಬಂದು ಎಲ್ಲವನ್ನೂ ಹೇಳಿತು. ಕೆಂಬೂತ ಓತಿಕ್ಯಾತದ ಕಡೆ ನೋಡಿತು. ಓತಿಕ್ಯಾತ ಈಗ ನೆಲಗುಬ್ಬಿಯ ಮಾತಿಗೂ ತಲೆ ಆಡಿಸಿತು.

ಮುಂದಿನದ್ದನ್ನು ಕೇಳಬೇಕೇ? ಕೊಕ್ಕಿದ್ದವರೆಲ್ಲ ಕುಕ್ಕಿದರು. ಹಿಂದೆ ನವಿಲನ್ನು ನೋಡಿ ಕೆಂಬೂತವೇ ಪುಕ್ಕ ತರಿದುಕೊಂಡಿತ್ತು. ಈ ಸಲ ಆ ಕೆಲಸವನ್ನು ನವಿಲೇ ಮಾಡಿಕೊಟ್ಟಿತು. ಬೋಳು ಬಾಲದ ಕೆಂಬೂತ ಹಾರಲಾರದೆ ಪೊದೆಯಿಂದ ಪೊದೆಗೆ ಓಡಿತು. ಆದರೆ ಅದು ತಲುಪುವ ಮೊದಲೇ ಅದರ ಸುದ್ದಿ ತಲುಪುತ್ತಿತ್ತು. ಯಾವ ಪೊದೆಯವರೂ ಅದನ್ನು ಸೇರಿಸಲಿಲ್ಲ. ಕೆಂಬೂತ ಬಂದರೆ ಸಣ್ಣ ಹಕ್ಕಿಗಳೆಲ್ಲ ಚೀರಾಡುವುದನ್ನು ನೀವೂ ಕೇಳಿರಬಹುದು. ಈಗ ಯಾರೂ ಸುಮ್ಮನಿರುವುದಿಲ್ಲ.

ನವಿಲು ನಾಚಿಕೊಂಡು ಚುಕ್ಕವ್ವನ ಮುಂದೆ ನಿಂತಿತು. “ಇನ್ನು ಮರಿಮನೆ ನಿನ್ನದೇ ಕಣಮ್ಮ. ನಿನ್ನನ್ನ ಏನು ವಿಚಾರಿಸೋದು? ಇವತ್ತಿಂದಲೇ ಒಳಗೆ ಕೂತ್ಕೋ.”

ಚುಕ್ಕವ್ವ ಒಳಗೆ ಹೋಗಲಿಲ್ಲ. “ನಾನು ಹುರುಳಿ ಹೊಲದಲ್ಲಿ ಬಹಳ ದಿನ ಇದ್ದು ಬಂದವಳು ಯಜಮಾನ್ರೇ. ಅಲ್ಲಿನ ತಾಯಂದಿರನ್ನ ಕೇಳ್ಕೊಂಡು ಬನ್ನಿ,” ಎಂದಳು. ಮೆಲ್ಲಗೆ ನಡೆದುಹೋಗಿ ಲಕ್ಕಿಗಿಡದ ಕೆಳಗೆ ಕೂತಳು. ಹಿಂದೊಮ್ಮೆ ಗೌಜಲಜ್ಜಿ ಕೂತಿದ್ದ ಜಾಗ ಅದು. ಅಲ್ಲಿ ಕೂತಾಗ ಅವಳಿಗೆ ಅಜ್ಜಿಯ ನೆನಪಾಗಿ ಕಣ್ಣು ತುಂಬಿತು, ಅಜ್ಜಿಗೆ ಆದಂಥದೇ ಖುಷಿಯೂ ಆಯಿತು.

ನೀತಿ: ಮಕ್ಕಳನ್ನು ಒಪ್ಪಿಸುವ ಮುನ್ನ ಹೆಸರು, ಸವಿಮಾತು ನೋಡಿ ಮರುಳಾಗಬೇಡಿ. ಅವರು ಬಿಟ್ಟುಬಂದ ಕಡೆ ಹೋಗಿ ವಿಚಾರಿಸಿ. ನಿಮ್ಮನ್ನು ಯಾರಾದರೂ ವಿಚಾರಿಸಿದರೆ ನಿಜವನ್ನೇ ಹೇಳಿ. ಒಳ್ಳೆಯವರು ವಿಚಾರಣೆಗೆ ಮುನಿಯುವುದಿಲ್ಲ.