ಸರಾಸರಿ ಐದು ಮೊಳ

ನದಿ ಕಡಲನ್ನು ಸೇರುವ ಜಾಗದಲ್ಲಿ ಒಂದು ಕುರ್ವೆ ಇತ್ತು. ಕುರ್ವೆ ಎಂದರೆ ನದಿಯ ನಡುಗಡ್ಡೆ. ಅದರ ನೆಲ ತಗ್ಗು. ಉಬ್ಬರದ ಹೊತ್ತಿಗೆ ಹೊರಗಿನ ನೀರು ಒಳಗಿನ ಗದ್ದೆಗಳಿಗಿಂತ ಮೇಲೆ ನಿಲ್ಲುತ್ತಿತ್ತು. ಅದನ್ನು ತಡೆಯಲು ಸುತ್ತಲೂ ಮಣ್ಣಿನ ಏರಿ ಕಟ್ಟಿದ್ದರು.

ಊರಿನಲ್ಲಿ ಮೂರು ಪಂಗಡಗಳಿದ್ದವು. ಭತ್ತ ಬೆಳೆಯುವವರು ಗದ್ದೆಯವರು. ಮೀನು ಹಿಡಿಯುವವರು ದೋಣಿಯವರು. ಉಪ್ಪು ತೆಗೆಯುವವರು ಆಗರದವರು. ಊರನ್ನು ಆಳಲು ಅರ್ಧಕ್ಕಿಂತ ಹೆಚ್ಚು ಮನೆಗಳ ಬೆಂಬಲ ಬೇಕು. ಅಷ್ಟು ಮನೆಗಳು ಯಾವ ಪಂಗಡಕ್ಕೂ ಇರಲಿಲ್ಲ.

ಆ ವರ್ಷ ಗದ್ದೆಯವರೂ ದೋಣಿಯವರೂ ಕೂಡಿಕೊಂಡರು. ಗದ್ದೆಯವರ ಬೀರಪ್ಪ ಯಜಮಾನನಾದ. ದೋಣಿಯವರ ಜಟ್ಟಪ್ಪ ಅವನ ಬಲಕ್ಕೆ ಕುಳಿತ. ಆಗರದವರು ಎದುರು ಸಾಲಿಗೆ ಹೋದರು. ಅವರ ಮುಖಂಡಳು ಗಣಪಿ. ಊರೆಲ್ಲ ಅವಳನ್ನು ಗಣಪಕ್ಕ ಎನ್ನುತ್ತಿತ್ತು. ಅವಳ ನಾಲಿಗೆ ಚುರುಕು.

ಮಳೆಗಾಲಕ್ಕೆ ಮೊದಲು ಪ್ರತಿ ಮನೆಯೂ ಊರಿನ ಕೆಲಸಕ್ಕೆ ಆಳು ಕಳಿಸಬೇಕಿತ್ತು. ಯಾವ ಕೆಲಸಕ್ಕೆ ಎಷ್ಟು ಆಳು ಎಂಬುದನ್ನು ಯಜಮಾನ ಯುಗಾದಿಯ ಸಭೆಯಲ್ಲಿ ಓದಿ ಹೇಳುತ್ತಿದ್ದ. ಅದಕ್ಕೆ ಹಂಚಿಕೆ ಎಂದು ಹೆಸರು. ಆ ಊರಿನ ಬಜೆಟ್ ಅದೇ.

ಗದ್ದೆಯವರಿಗೆ ಏರಿ ಎತ್ತರಿಸಬೇಕಿತ್ತು. ಪ್ರತಿವರ್ಷ ನೂಲ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ನದಿಯ ನೆರೆಯೂ ಸೇರಿ, ಉಪ್ಪುನೀರು ಏರಿಯ ಮೇಲಿಂದ ತೆಳ್ಳಗೆ ಒಳಗೆ ಹರಿಯುತ್ತಿತ್ತು. ದೋಣಿಯವರಿಗೆ ಕಲ್ಲಿನ ದಕ್ಕೆ ಬೇಕಿತ್ತು. ಮೀನು ಇಳಿಸುವಾಗ ಕೆಸರಿನಲ್ಲಿ ಜಾರಿ ಹಿಂದಿನ ವರ್ಷ ಒಬ್ಬನ ಕಾಲು ಮುರಿದಿತ್ತು. ಎರಡೂ ನ್ಯಾಯವಾದ ಬೇಡಿಕೆಗಳೇ. ಎರಡಕ್ಕೂ ಸಾಕಾಗುವಷ್ಟು ಆಳು ಮಾತ್ರ ಇರಲಿಲ್ಲ.

ಬೀರಪ್ಪನೂ ಜಟ್ಟಪ್ಪನೂ ಕುಳಿತು ರಾಜಿ ಮಾಡಿಕೊಂಡರು. ಅರ್ಧ ಆಳು ಏರಿಗೆ, ಅರ್ಧ ಆಳು ದಕ್ಕೆಗೆ. ಜಟ್ಟಪ್ಪ ಇನ್ನೊಂದು ಮಾತನ್ನೂ ಸೇರಿಸಿದ. "ನಾವು ದೋಣಿ ಎಳೆದು ತರುವ ಜಾಗದಲ್ಲಿ ಏರಿ ಎತ್ತರಿಸಬಾರದು. ಎತ್ತರವಾದರೆ ದೋಣಿ ಹತ್ತಿಸುವುದು ಹೇಗೆ?" ಬೀರಪ್ಪ ಯೋಚಿಸಿದ. ಬೇಡವೆಂದರೆ ಬೆಂಬಲ ಹೋಗುತ್ತದೆ. ಆಗಲಿ ಎಂದ. ಈ ಮಾತು ಅವರಿಬ್ಬರಲ್ಲೇ ಉಳಿಯಿತು.

ಸಭೆಯಲ್ಲಿ ಬೀರಪ್ಪ ಹಂಚಿಕೆ ಓದಿದ. ಕೊನೆಗೆ ಹೇಳಿದ. "ಕೆಲಸ ಮುಗಿದಾಗ ಏರಿಯ ಎತ್ತರ ಸರಾಸರಿ ಐದು ಮೊಳ. ಹುಣ್ಣಿಮೆಯ ಉಬ್ಬರ ನಾಲ್ಕು ಮೊಳ ದಾಟುವುದು ಅಪರೂಪ. ಇನ್ನು ಭಯವಿಲ್ಲ."

ಆ ಸಭೆಗೆ ಹಿರಿಯರು ಹಾಕಿಕೊಟ್ಟ ಕಟ್ಟಳೆಗಳಿದ್ದವು. ಎದುರು ಸಾಲಿಗೆ ಒಂದು ಸಭೆಗೆ ಒಂದೇ ಪ್ರಶ್ನೆ. ಕೇಳಿದವರು ಎದ್ದು ನಿಂತು ಕೇಳಬೇಕು. ಉತ್ತರ ಸಾಕು ಎನ್ನಿಸಿದರೆ ಕುಳಿತುಕೊಳ್ಳಬೇಕು. ಅವರು ಕುಳಿತರೆ ಸಭೆ ಮುಗಿಯಿತು. ಅವರು ನಿಂತಿರುವವರೆಗೆ ಯಜಮಾನ ಏಳುವಂತಿಲ್ಲ. ಸಭೆಯೊಳಗೆ ಯಜಮಾನ ಕೊಟ್ಟ ಅಪ್ಪಣೆಯನ್ನು ಆಮೇಲೆ ಯಾರೂ ತೆಗೆಯುವಂತಿಲ್ಲ.

ಗಣಪಿ ಎದ್ದು ನಿಂತಳು.

"ಬೀರಣ್ಣ, ಈ ಹಂಚಿಕೆಗಾಗಿ ಜಟ್ಟಣ್ಣನ ಮುಂದೆ ಎಷ್ಟು ಬಗ್ಗಿದಿರಿ? ಸೊಂಟ ಹಿಡಿದಿಲ್ಲ ತಾನೆ?"

ಎದುರು ಸಾಲು ಬಿದ್ದು ಬಿದ್ದು ನಕ್ಕಿತು. ಬೀರಪ್ಪನ ಮುಖ ಕೆಂಪಾಯಿತು. ಆದರೆ ಉತ್ತರ ಸುಲಭವಿತ್ತು.

"ಬಗ್ಗಲಿಲ್ಲ ಗಣಪಕ್ಕ. ಜೊತೆಯಲ್ಲಿ ನಡೆಯುವವರು ಹೆಜ್ಜೆ ಹೊಂದಿಸಿಕೊಳ್ತಾರೆ. ಒಬ್ಬಳೇ ನಡೆಯುವವಳಿಗೆ ಅದು ಹೇಗೆ ಗೊತ್ತಾಗಬೇಕು?"

ಈಗ ಗದ್ದೆಯವರೂ ದೋಣಿಯವರೂ ಒಟ್ಟಿಗೆ ನಕ್ಕರು. ಜಟ್ಟಪ್ಪ ಬೀರಪ್ಪನ ಬೆನ್ನು ತಟ್ಟಿದ. ಪ್ರಶ್ನೆ ಮುಗಿದಿತ್ತು. ಗಣಪಿ ಕುಳಿತಳು. ಏರಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಕೆಲಸ ನಡೆಯಿತು. ದಕ್ಕೆಯ ಕಲ್ಲು ಇನ್ನೂ ರಾಶಿಯಲ್ಲೇ ಇತ್ತು, ಏರಿ ಮಾತ್ರ ಮೇಲೆದ್ದಿತು. ಅದನ್ನು ನಂಬಿ ಗದ್ದೆಯವರು ಹಿಂದೆಂದೂ ಹೋಗದ ತಗ್ಗಿನವರೆಗೂ ನಾಟಿ ಮಾಡಿದರು. ಕೆಲವರು ಅಲ್ಲೇ ಗುಡಿಸಲು ಹಾಕಿ ಮಕ್ಕಳೊಂದಿಗೆ ಇದ್ದರು. ಮಳೆಗಾಲ ಬಂತು.

ನೂಲ ಹುಣ್ಣಿಮೆಗೆ ಮುಂಚಿನ ಅಮಾವಾಸ್ಯೆಯ ದಿನ ಗಣಪಿ ದೋಣಿಯವರ ಕೇರಿಗೆ ಮೀನಿಗೆಂದು ಹೋದಳು. ಆಗಷ್ಟೇ ಉಬ್ಬರ ಇಳಿದಿತ್ತು. ದೋಣಿ ಎಳೆಯುವ ಜಾಗದಲ್ಲಿ ಏರಿಯ ಹೊರಮೈ ನೋಡಿದಳು. ನೀರು ಮುಟ್ಟಿದ ಒದ್ದೆ ಗುರುತು ಏರಿಯ ನೆತ್ತಿಯ ಹತ್ತಿರ ಇತ್ತು. ಬಗ್ಗಿ ಕೈಯಿಟ್ಟಳು. ಒದ್ದೆಗೂ ನೆತ್ತಿಗೂ ನಡುವೆ ನಾಲ್ಕು ಬೆರಳು. ನೂಲ ಹುಣ್ಣಿಮೆಗೆ ನೆರೆಯೂ ಸೇರಿ ಉಬ್ಬರ ಇದಕ್ಕಿಂತ ಒಂದು ಮೊಳವಾದರೂ ಹೆಚ್ಚು.

ಮೊದಲು ಏರಿ ಎಲ್ಲ ಕಡೆಯೂ ತಗ್ಗಾಗಿತ್ತು. ನೀರು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಈಗ ಉಳಿದ ಕಡೆ ಎತ್ತರ, ಇಲ್ಲಿ ಮಾತ್ರ ತಗ್ಗು. ಬರುವ ನೀರೆಲ್ಲ ಈ ಒಂದೇ ಬಾಯಿಯಿಂದ ನುಗ್ಗುತ್ತದೆ. ನುಗ್ಗುವ ನೀರು ಮಣ್ಣನ್ನು ಕೊರೆಯುತ್ತದೆ. ಎದುರಿಗೇ ಹೊಸ ಗುಡಿಸಲುಗಳು.

ಅವಳು ನೇರವಾಗಿ ಆ ಗುಡಿಸಲುಗಳಿಗೆ ಹೋದಳು. ಸೋಮಿ ಎಂಬ ಹೆಂಗಸು ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು.

"ಸೋಮಿ, ಹುಣ್ಣಿಮೆಯ ಒಳಗೆ ಇಲ್ಲಿಂದ ಏಳು. ಏರಿ ಅಲ್ಲಿ ತಗ್ಗಿದೆ."

"ನಿಮಗೆ ಹೊಟ್ಟೆಕಿಚ್ಚು ಗಣಪಕ್ಕ," ಎಂದಳು ಸೋಮಿ. "ಯಜಮಾನರು ಐದು ಮೊಳ ಅಂದಿದ್ದಾರೆ. ಅವತ್ತು ಸೊಂಟದ ಸುದ್ದಿ ತೆಗೆದಿರಿ, ಇವತ್ತು ಏರಿಯ ಸುದ್ದಿ. ನಾಳೆ ಎಂತದು?"

ಗಣಪಿಗೆ ತಾನು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅರಿವಾಯಿತು. ಬೀರಪ್ಪನೇ ಹೇಳಬೇಕು. ಆಳುಗಳನ್ನು ಕರೆಯುವ ಅಧಿಕಾರ ಇರುವುದೂ ಅವನಿಗೇ. ಮನೆಗೆ ಹೋಗಿ ಕೇಳಿದರೆ ಅವನು ನುಣುಚಿಕೊಂಡಾನು, ಸಭೆಯಲ್ಲಾದರೆ ಉತ್ತರ ಕೊಡಲೇಬೇಕು.

ಹುಣ್ಣಿಮೆಗೆ ಮೂರು ದಿನ ಮೊದಲು ಸಭೆ ಸೇರುವುದಿತ್ತು. ಹಿಂದಿನ ಸಂಜೆ ಆಗರದವರು ಗಣಪಿಯ ಜಗಲಿಯಲ್ಲಿ ಕೂಡಿದರು. ಅವಳ ನಂತರದ ಮುಖಂಡ ಹೊನ್ನಪ್ಪ ಹುರುಪಿನಲ್ಲಿದ್ದ.

"ಗಣಪಕ್ಕ, ಒಳ್ಳೆ ಸಂಗತಿ ಸಿಕ್ಕಿದೆ. ದಕ್ಕೆಯ ಕಲ್ಲಿನಲ್ಲಿ ಒಂದು ರಾಶಿ ಜಟ್ಟಪ್ಪನ ಅಂಗಳದಲ್ಲಿ ಬಿದ್ದಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಅಂತ ನಾಳೆ ಕೇಳಿ. ಬೀರಪ್ಪ ಜಟ್ಟಪ್ಪನ ಕಡೆ ನಿಂತರೆ ಗದ್ದೆಯವರು ಸಿಡೀತಾರೆ. ನಿಲ್ಲದಿದ್ದರೆ ದೋಣಿಯವರು ಎದ್ದು ಹೋಗ್ತಾರೆ. ಹೇಗಾದರೂ ಯಜಮಾನಿಕೆ ಬಿತ್ತು."

"ಬಿದ್ದ ಮೇಲೆ ಹೊಸ ಯಜಮಾನ ಆಗಲು ಎಷ್ಟು ದಿನ?"

"ಹದಿನೈದು."

"ಅಷ್ಟರಲ್ಲಿ ಹುಣ್ಣಿಮೆ ಕಳೀತದೆ. ಆಳು ಕರೆಯುವವರು ಯಾರು?"

ಹೊನ್ನಪ್ಪ ಭುಜ ಕುಣಿಸಿದ. "ನಮ್ಮ ಮನೆಗಳು ದಿಬ್ಬದ ಮೇಲಿವೆ. ಅವರ ಏರಿ, ಅವರ ರಾಜಿ. ನೀರು ಬಂದರೆ ಇನ್ನೂ ಒಳ್ಳೆಯದೇ. ಮುಂದಿನ ಐದು ವರ್ಷ ಅವರನ್ನು ಯಾರೂ ಹತ್ತಿರ ಸೇರಿಸುವುದಿಲ್ಲ."

"ಸೋಮಿಯ ಮಗು ಯಾರ ಪಂಗಡ ಹೊನ್ನಪ್ಪ? ಅದಕ್ಕಿನ್ನೂ ನಡೆಯಲಿಕ್ಕೂ ಬರುವುದಿಲ್ಲ."

ಹೊನ್ನಪ್ಪ ಹೇಳಿದ. "ಒಂದೇ ಪ್ರಶ್ನೆ ಇರುವುದು. ಹಾಳು ಮಾಡಬೇಡಿ."

ಮರುದಿನ ಚಾವಡಿ ತುಂಬಿತ್ತು. ಹೊರಗೆ ಜಡಿಮಳೆ. ಗಣಪಿ ಎದ್ದಳು. ಇಂದೂ ಏನೋ ತಮಾಷೆ ಇದೆ ಎಂದು ಜನ ಮುಂದಕ್ಕೆ ಬಾಗಿದರು.

"ಬೀರಣ್ಣ, ಏರಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು? ಅಲ್ಲಿ ಎತ್ತರ ಎಷ್ಟು?"

ಹೊನ್ನಪ್ಪ ಹಣೆ ಚಚ್ಚಿಕೊಂಡ.

"ಹೇಳಿದ್ದೇನಲ್ಲ. ಸರಾಸರಿ ಐದು ಮೊಳ," ಎಂದ ಬೀರಪ್ಪ.

"ಸರಾಸರಿ ಕೇಳಲಿಲ್ಲ. ನೀರು ಸರಾಸರಿ ನೋಡಿ ಒಳಗೆ ಬರುವುದಿಲ್ಲ. ತಗ್ಗು ನೋಡಿ ಬರ್ತದೆ."

"ಒಟ್ಟಾರೆ ಏರಿ ಗಟ್ಟಿ ಇದೆ ಗಣಪಕ್ಕ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಯಜಮಾನ ಏಳುವಂತಿರಲಿಲ್ಲ. ಜಟ್ಟಪ್ಪ ಬೀರಪ್ಪನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ನಮ್ಮ ಮಾತು ನಮ್ಮಲ್ಲೇ ಇರಲಿ. ಹೊರಗೆ ಬಂದರೆ ನಮ್ಮ ಬೆಂಬಲ ಇಲ್ಲ."

ಬೀರಪ್ಪ ನೆಲ ನೋಡಿದ. ಗಣಪಿ ನಿಂತೇ ಇದ್ದಳು. ಮಳೆ ಜೋರಾಯಿತು. ಹಿಂದಿನ ಸಾಲಿನಿಂದ ಸೋಮಿಯ ದನಿ ಬಂತು.

"ಹೇಳಿ ಯಜಮಾನರೇ. ಅವಳ ಬಾಯಿ ಮುಚ್ಚಿಸಿ. ಎಲ್ಲ ಕಡೆಯೂ ಐದು ಇದೆ ಅಂತ ಒಮ್ಮೆ ಹೇಳಿಬಿಡಿ."

ಬೀರಪ್ಪ ತಲೆ ಎತ್ತಿ ಅವಳನ್ನು ನೋಡಿದ. ಮಗು ಅವಳ ಹೆಗಲ ಮೇಲೆ ಮಲಗಿತ್ತು.

"ದೋಣಿ ಎಳೆಯುವ ಜಾಗದಲ್ಲಿ," ಎಂದ ಅವನು. "ಅಲ್ಲಿ ಮೂರೇ ಮೊಳ."

ಚಾವಡಿ ಒಮ್ಮೆಲೇ ಎದ್ದು ನಿಂತಿತು. ಗದ್ದೆಯವರು ತಮ್ಮ ಯಜಮಾನನನ್ನೇ ಬೈದರು. ಸೋಮಿ ಮಗುವನ್ನು ಅಪ್ಪಿಕೊಂಡು ಅಳತೊಡಗಿದಳು. ಜಟ್ಟಪ್ಪ ಎದ್ದು ಕೂಗಿದ.

"ಮಾತು ಮುರಿದವನು ಇವನು! ಈ ಸಭೆ ಮುಗಿದ ಕ್ಷಣದಿಂದ ದೋಣಿಯವರ ಬೆಂಬಲ ಇವನಿಗಿಲ್ಲ!"

ಹೊನ್ನಪ್ಪ ಖುಷಿಯಿಂದ ಗಣಪಿಯ ಸೆರಗು ಜಗ್ಗಿದ. "ಬಿತ್ತು ಗಣಪಕ್ಕ! ನಮ್ಮ ಪ್ರಶ್ನೆಗಿಂತ ನಿಮ್ಮದೇ ವಾಸಿ. ಕೂತ್ಕೊಳ್ಳಿ, ಬೇಗ ಕೂತ್ಕೊಳ್ಳಿ!"

ಗಣಪಿ ಸೆರಗು ಬಿಡಿಸಿಕೊಂಡಳು.

"ಬೀರಣ್ಣ, ನಾನು ಕೂತರೆ ಸಭೆ ಮುಗೀತದೆ. ಸಭೆ ಮುಗಿದರೆ ನೀವು ಯಜಮಾನರಲ್ಲ. ನಾನು ನಿಂತಿರುವವರೆಗೆ ಮಾತ್ರ ನಿಮಗೆ ಅಧಿಕಾರ. ಸಭೆಯೊಳಗೆ ಕೊಟ್ಟ ಅಪ್ಪಣೆಯನ್ನು ಆಮೇಲೆ ಯಾರೂ ತೆಗೆಯುವಂತಿಲ್ಲ. ತಗ್ಗು ಎಲ್ಲಿ ಅಂತ ಹೇಳಿದಿರಿ. ಅದಕ್ಕೆ ಏನು ಮಾಡ್ತೀರಿ ಅಂತಲೂ ಹೇಳಿ. ಆಮೇಲೆ ಕೂರ್ತೇನೆ."

ಗದ್ದಲ ನಿಂತಿತು. ಎದುರು ಸಾಲಿನವಳು ತನ್ನನ್ನು ಕುರ್ಚಿಯಲ್ಲಿ ಉಳಿಸಿಕೊಂಡಿದ್ದಾಳೆಂದು ನಂಬಲು ಬೀರಪ್ಪನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ದಕ್ಕೆಯ ಕೆಲಸ ನಿಲ್ಲಲಿ," ಎಂದ ಅವನು. "ಆ ಕಲ್ಲೆಲ್ಲ ದೋಣಿ ಎಳೆಯುವ ಜಾಗಕ್ಕೆ. ಮೇಲೆ ಮಣ್ಣು. ಪ್ರತಿ ಮನೆಯಿಂದ ಒಬ್ಬರು, ನಾಳೆ ಬೆಳಿಗ್ಗೆಯಿಂದ. ಐದು ಮೊಳ ಆಗುವವರೆಗೆ. ಸರಾಸರಿ ಅಲ್ಲ."

"ನಮ್ಮ ದೋಣಿಗಳು?" ಜಟ್ಟಪ್ಪನ ದನಿಯಲ್ಲಿ ಈಗ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. "ಹೊರಗೆ ಬಿಟ್ಟರೆ ನೆರೆಗೆ ಒಡೆದು ಹೋಗ್ತವೆ. ಅದೂ ಹೊಟ್ಟೆಪಾಡೇ ಅಲ್ಲವಾ?"

ಗಣಪಿ ತನ್ನವರ ಕಡೆ ತಿರುಗಿದಳು. "ಮಳೆಗಾಲದಲ್ಲಿ ನಮ್ಮ ಆಗರದ ಕಾಲುವೆ ಬಳಕೆಯಿಲ್ಲದೆ ಇರ್ತದೆ. ದೋಣಿಗಳನ್ನು ಅಲ್ಲಿ ಕಟ್ಟಲಿ. ಯಾರದ್ದಾದರೂ ತಕರಾರು ಇದೆಯಾ?"

ಹೊನ್ನಪ್ಪ ಬಾಯಿ ತೆರೆದ. ಸುತ್ತ ಇದ್ದವರ ಮುಖ ನೋಡಿ ಮುಚ್ಚಿದ.

ಗಣಪಿ ಕುಳಿತಳು. ಸಭೆ ಮುಗಿಯಿತು. ಬೀರಪ್ಪ ಕುರ್ಚಿಯಿಂದ ಎದ್ದ. ಅವನೀಗ ಯಜಮಾನನಲ್ಲ. ಯಾರೂ ಅವನ ಜೊತೆ ಮಾತಾಡಲಿಲ್ಲ. ಅವನು ಮಳೆಯಲ್ಲೇ ಮನೆಗೆ ಹೋದ.

ಮರುದಿನ ಕಲ್ಲು ಹೊರಲು ಮೊದಲು ಬಂದವನು ಅವನೇ. ಜಟ್ಟಪ್ಪ ಹೊತ್ತು ಕಳೆದು ಬಂದ. ತನ್ನ ಅಂಗಳದ ರಾಶಿಯನ್ನೂ ಗಾಡಿಗೆ ಹೇರಿಸಿಕೊಂಡು ಬಂದ. ಅದು ಅಲ್ಲಿಗೆ ಹೇಗೆ ಹೋಗಿತ್ತೆಂದು ಅವತ್ತು ಯಾರೂ ಕೇಳಲಿಲ್ಲ. ಕೇಳಲು ಮುಂದಿನ ಸಭೆ ಇತ್ತು. ಮಳೆ ಬಿಡಲಿಲ್ಲ. ಹಾಕಿದ ಮಣ್ಣು ಜಾರುತ್ತಿತ್ತು, ಮತ್ತೆ ಹಾಕಿದರು. ಹುಣ್ಣಿಮೆಯ ಬೆಳಿಗ್ಗೆಯೂ ಕೆಲಸ ನಡೆದೇ ಇತ್ತು.

ಮಧ್ಯಾಹ್ನ ಉಬ್ಬರ ಏರಿತು. ಊರೆಲ್ಲ ಏರಿಯ ಮೇಲೆ ನಿಂತಿತು. ಕಂದು ನೀರು ಕಲ್ಲಿನ ಮೊದಲ ಸಾಲನ್ನು ನುಂಗಿತು, ಎರಡನೆಯದನ್ನು ನುಂಗಿತು. ಮೂರು ಮೊಳ ದಾಟಿತು. ನಾಲ್ಕಕ್ಕೆ ಬಂತು. ಹೊಸ ಮಣ್ಣಿನ ಒಂದು ಮೂಲೆ ಕುಸಿಯಿತು. ಬೀರಪ್ಪನೂ ಜಟ್ಟಪ್ಪನೂ ಮಣ್ಣು ತುಂಬಿದ ಒಂದೇ ಚೀಲವನ್ನು ಎರಡು ಕಡೆ ಹಿಡಿದು ಅಲ್ಲಿ ಒತ್ತಿದರು. ನೀರು ಇನ್ನೂ ನಾಲ್ಕು ಬೆರಳು ಮೇಲೆ ಬಂತು. ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

ಆಮೇಲೆ ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಕಂಡಿತು. ನೀರು ಇಳಿಯತೊಡಗಿತ್ತು.

ಹೊನ್ನಪ್ಪ ಕೆಸರು ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ಗಣಪಿಯ ಪಕ್ಕಕ್ಕೆ ಬಂದ. ಅವನ ಬೇಸರ ಇನ್ನೂ ಹೋಗಿರಲಿಲ್ಲ.

"ಅವತ್ತು ನಾನು ಹೇಳಿದ ತಕ್ಷಣ ನೀವು ಕೂತಿದ್ದರೆ ಸಾಕಿತ್ತು ಗಣಪಕ್ಕ. ಏರಿ ಒಡೆದ ಕೆಟ್ಟ ಹೆಸರೂ ಅವರಿಗೇ. ಯಜಮಾನಿಕೆ ಸಲೀಸಾಗಿ ನಮ್ಮದಾಗ್ತಿತ್ತು."

"ಆಗ್ತಿತ್ತು," ಎಂದಳು ಗಣಪಿ. "ಯಾವ ಊರಿನದ್ದು?"

ನೀತಿ: ಕೂಡಿ ಆಳುವವರು ತಮ್ಮತಮ್ಮಲ್ಲಿ ರಾಜಿ ಮಾಡಿಕೊಳ್ಳಬಹುದು. ಆದರೆ ಆ ರಾಜಿಯಿಂದ ಎಲ್ಲಿ ತಗ್ಗು ಉಳಿಯಿತೆಂದು ಜನರಿಗೆ ಹೇಳಲೇಬೇಕು. ಪ್ರಶ್ನೆ ಕೇಳುವವರು ಯಾರು ಯಾರಿಗೆ ಬಗ್ಗಿದರು ಎಂದು ಕೇಳಿದರೆ ನಗು ಸಿಗುತ್ತದೆ. ತಗ್ಗು ಎಲ್ಲಿದೆ ಎಂದು ಕೇಳಿದರೆ ಊರು ಉಳಿಯುತ್ತದೆ.