ಪದುಮಲೆ ಒಳಗಿದ್ದಳೇ?

ಕೊಂಡವಳ್ಳಿಯ ಅರಸು ಬೊಮ್ಮರಸ ಊರೂರಿಗೆ ಡಂಗುರ ಸಾರಿಸಿದ. ಅರಸುಮಗಳು ಪದುಮಲೆ ಕುದುರೆಯಿಂದ ಬಿದ್ದು ಒಂಬತ್ತು ತಿಂಗಳಾಯಿತು. ಉಸಿರಾಡುತ್ತಾಳೆ, ಗಂಜಿ ನುಂಗುತ್ತಾಳೆ, ಕಣ್ಣು ತೆರೆದೇ ಇದೆ. ಕರೆದರೆ ಓಗೊಡುವುದಿಲ್ಲ. ಅವಳ ಮನಸ್ಸು ಇದೆಯೋ ಹೋಯಿತೋ ತಿಳಿಯಬೇಕಾಗಿದೆ. ಅರಸರ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರ ತಲೆ ಮುಂದಿನ ಮಂಗಳವಾರ ಹೋಗುವುದು.

ಅರಮನೆಯ ವೈದ್ಯರು ಆಗಲೇ ಕೈಚೆಲ್ಲಿದ್ದರು. ಇದು ಬರಿಯ ಮೈ, ಗಂಜಿ ನಿಲ್ಲಿಸಿ ಅಂದಿದ್ದರು. ನಿಲ್ಲಿಸಲೂ ಆಗದೆ, ನಂಬಲೂ ಆಗದೆ ಅರಸ ಒಗಟುಗಳಿಗೆ ಜೋತುಬಿದ್ದಿದ್ದ. ಯಾರಾದರೂ ಸುಳ್ಳು ಭರವಸೆ ಕೊಟ್ಟರೆ ತಡೆದುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ, ಅದಕ್ಕೇ ತಲೆಯ ಪಣ.

ಪಂಡಿತರು ಬಂದರು. ಮನಸ್ಸು ಎದೆಗೂಡಿನಲ್ಲಿದೆ ಎಂದು ಒಬ್ಬ ಹೇಳಿದ. ನೆತ್ತಿಯೊಳಗಿದೆ ಎಂದ ಇನ್ನೊಬ್ಬ. ಮನಸ್ಸು ಚಂದ್ರನದು, ಕೊಡದ ನೀರಿನಲ್ಲಿ ಕಂಡಂತೆ ನಮ್ಮಲ್ಲಿ ಕಾಣುತ್ತದೆ, ಕೊಡ ಒಡೆದ ಮೇಲೆ ಅದನ್ನು ಇಲ್ಲಿ ಹುಡುಕಬಾರದು ಎಂದು ಮತ್ತೊಬ್ಬ ವಾದಿಸಿದ. ಒಬ್ಬ ತರ್ಕದವನಂತೂ ಮನಸ್ಸೆಂಬುದೇ ಇಲ್ಲ, ಎಲ್ಲ ಮೈಯ ರೂಢಿ ಎಂದುಬಿಟ್ಟ. ಹಾಗಾದರೆ ಈಗ ಹೆದರುತ್ತಿರುವವನು ಯಾರು ಎಂದು ಅರಸ ಕೇಳಿದ. ಮೂರು ಮಂಗಳವಾರಗಳಲ್ಲಿ ಏಳು ತಲೆ ಹೋದವು.

ಎಂಟನೆಯವನು ಬಾಳೆಗುಡ್ಡದ ತಿಪ್ಪಣ್ಣ, ಗಿಡಮೂಲಿಕೆಯ ವೈದ್ಯ. ಅವನು ಮೊದಲನೆಯ ಒಗಟಿಗೇ ಎಡವಿ, ಮಂಗಳವಾರದವರೆಗೆ ಸೆರೆ ಸೇರಿದ. ಸುದ್ದಿ ಊರಿಗೆ ಮುಟ್ಟಿದಾಗ ಅವನ ಹೆಂಡತಿ ಸಣ್ಣವ್ವ ಅಳಲಿಲ್ಲ. ಒಲೆಯ ಮುಂದೆ ಕೂತವಳು ಏಳಲೂ ಇಲ್ಲ. ಮೈದುನ ಕೆಂಚ ಬೆಟ್ಟದಲ್ಲಿ ಜೇನು ಕೀಳುವವನು. ಓದು ಬರಹ ಇಲ್ಲ, ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲ. ಅತ್ತಿಗೆಯ ಮುಖ ನೋಡಲಾರದೆ ಎದ್ದು ನಡೆದ. ಎರಡು ದಿನ ನಡೆದು ಸೋಮವಾರ ಮಧ್ಯಾಹ್ನ ಕೋಟೆ ಬಾಗಿಲಿಗೆ ಬಂದ.

"ಒಂದು ಮನೆಯಿಂದ ಒಂದು ತಲೆ ಸಾಲದೇನಯ್ಯಾ?" ಎಂದ ಕಾವಲುಗಾರ, ಬಂದವನು ತಿಪ್ಪಣ್ಣನ ತಮ್ಮನೆಂದು ತಿಳಿದು.

ಕೆಂಚ ಒಳಗೆ ಹೋದ.

ಅರಸನ ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಬಂದವನನ್ನು ಸರಿಯಾಗಿ ನೋಡದೆಯೇ ಶುರುಮಾಡಿದ. "ಒಂದು ಮನೆಯಿದೆ. ಅದಕ್ಕೊಬ್ಬ ಯಜಮಾನ ಇದ್ದಾನೆಂದು ಎಲ್ಲರಿಗೂ ಗೊತ್ತು. ಕೋಣೆ ಕೋಣೆ ಹುಡುಕಿದರೂ ಸಿಗುವುದಿಲ್ಲ. ಅವನಿರುವುದೆಲ್ಲಿ?"

ಕೆಂಚನಿಗೆ ಗೊತ್ತಿದ್ದದ್ದು ಜೇನು ಒಂದೇ. ಅದನ್ನೇ ಹೇಳಿದ.

"ದೊರೆ, ಮನೆ ಅಂದರೆ ಮೈ, ಯಜಮಾನ ಅಂದರೆ ಮನಸ್ಸು. ಒಂದು ಜೇನುನೊಣ ಹಿಡಿದು ನೋಡಿದರೆ ಅದಕ್ಕೆ ಅಂಥದ್ದೇನೂ ತಿಳಿಯದು. ಸಾವಿರ ಸೇರಿದರೆ ಗೂಡಿಗೆ ಸಿಟ್ಟು ಬರುತ್ತದೆ, ಭಯ ಆಗುತ್ತದೆ. ಆ ಸಿಟ್ಟು ಯಾವ ನೊಣದಲ್ಲಿದೆ ಅಂತ ಹುಡುಕಿದರೆ ಸಿಗುತ್ತದಾ? ಮನಸ್ಸೂ ಹಾಗೇ. ಅದು ಕೋಣೆಯಲ್ಲಿಲ್ಲ, ಇಡೀ ಮನೆಯ ಓಡಾಟದಲ್ಲಿದೆ."

ಅರಸ ಈಗ ಅವನನ್ನು ನೋಡಿದ. "ಆ ಯಜಮಾನ ದಿನಕ್ಕೊಮ್ಮೆ ಹೇಳದೆ ಹೋಗುತ್ತಾನೆ. ಹೋಗುವಾಗ ತನ್ನ ಹೆಸರನ್ನೂ ಮರೆತು ಹೋಗುತ್ತಾನೆ. ಮರಳಿದಾಗ ಅದೇ ಹೆಸರು ಸಿಗುತ್ತದೆ. ಅಲ್ಲಿಯವರೆಗೆ ಅದನ್ನು ಕಾಯುವವರು ಯಾರು?"

"ಅವನು ಹೋಗುವುದು ನಿದ್ದೆಗೆ. ಮಲಗಿದಾಗ ನಾನು ಕೆಂಚ ಅನ್ನುವುದು ನನಗೇ ಗೊತ್ತಿರುವುದಿಲ್ಲ. ನಮ್ಮ ಅತ್ತಿಗೆಗೆ ಗೊತ್ತಿರುತ್ತದೆ. ಕೆಂಚಾ ಅಂತ ಕೂಗಿ ಎಬ್ಬಿಸುತ್ತಾರೆ. ಮನುಷ್ಯನ ಮನಸ್ಸು ಅರ್ಧ ಅವನಲ್ಲಿ, ಇನ್ನರ್ಧ ಹತ್ತಿರದವರಲ್ಲಿ ಇರುತ್ತದೆ, ದೊರೆ. ಅವರೇ ಕಾಯುವವರು."

ಅರಸ ಒಪ್ಪಿ ಮೂರನೆಯದನ್ನು ಕೇಳಿದ. "ಮನೆಯ ಕಿಟಕಿ ತೆರೆದಿದೆ, ಒಳಗೆ ದೀಪ ಕಾಣುವುದಿಲ್ಲ. ಬಾಗಿಲು ಮುರಿಯುವಂತಿಲ್ಲ. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಹೇಗೆ ತಿಳಿಯುತ್ತೀಯ?"

"ಅವರನ್ನೇ ಕೇಳಬೇಕು."

ಇಷ್ಟು ತಿಂಗಳಿಂದ ಕರೆಯುತ್ತಲೇ ಇದ್ದೇವಲ್ಲ ಎಂದು ಮಂತ್ರಿ ರೇಗಿದ. ಕೆಂಚ ನೆಲ ನೋಡುತ್ತ ಹೇಳಿದ.

"ನಮ್ಮವ್ವ ಬಂಡೆಯಿಂದ ಜಾರಿ ಬಿದ್ದು ಹೀಗೇ ಮಲಗಿದ್ದಳು. ಅಣ್ಣ ಊರೂರು ತಿರುಗುವವನು. ತೊಳೆದು ಉಣ್ಣಿಸಿದವನು ನಾನು. ಬೇಸತ್ತು ಅವಳೆದುರಿಗೇ ಇವಳು ಹೋದರೆ ಸಾಕು ಅನ್ನುತ್ತಿದ್ದೆ. ಏಳು ತಿಂಗಳಾದ ಮೇಲೆ ಒಂದು ದಿನ ಕಂಡಿತು, ನಾನು ಹಾಗೆ ಅಂದಾಗಲೆಲ್ಲ ಅವಳ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ಕಣ್ಣಿನಲ್ಲೇ ಕೇಳಿ ತಿಳಿದುಕೊಂಡೆ. ಅವಳು ಉಳಿದದ್ದು ಇನ್ನೊಂದೇ ತಿಂಗಳು. ಬಾಯಿಲ್ಲದವರಿಗೆ ಓಗೊಡುವ ದಾರಿ ತೋರಿಸಿ ಕೇಳಬೇಕು, ದೊರೆ. ಕೇಳಿದ ಮೇಲೆ ಕಾಯಬೇಕು."

ಅವನನ್ನು ಪದುಮಲೆಯ ಕೋಣೆಗೆ ಕರೆದೊಯ್ದರು. ಕೆಂಚ ಹಾಸಿಗೆಯ ಪಕ್ಕ ನೆಲದಲ್ಲಿ ಕೂತ. "ಅಮ್ಮನವರೇ, ಕೈ ಬೇಡ, ಬಾಯಿ ಬೇಡ. ಹೌದಾದರೆ ಕಣ್ಣು ಮೇಲಕ್ಕೆತ್ತಿ. ಇದ್ದೀರಾ?"

ಏನೂ ಆಗಲಿಲ್ಲ. ಕೆಂಚ ಮತ್ತೆ ಕೇಳಿದ. ಒಂದು ನೊಣ ಅವಳ ಹಣೆಯ ಮೇಲೆ ಕೂತು ಎದ್ದಿತು. ಮಂತ್ರಿ ಕಾವಲಿನವರಿಗೆ ಸನ್ನೆ ಮಾಡಿದ. ಅವರು ಕೆಂಚನ ತೋಳಿಗೆ ಕೈಹಾಕುವಷ್ಟರಲ್ಲಿ ಅವಳ ಕಣ್ಣುಗುಡ್ಡೆಗಳು ಭಾರ ಎತ್ತುವವರ ಹಾಗೆ ಮೆಲ್ಲಗೆ ಮೇಲೆದ್ದು ತೊಲೆಯನ್ನು ನೋಡಿದವು.

ಅರಸ ನಂಬಲಿಲ್ಲ. ನಿನ್ನ ತಾಯಿಯ ಹೆಸರು ಮಲ್ಲವ್ವೆಯೇ ಎಂದು ಕೇಳಿದ. ಕಣ್ಣು ಅಲುಗಲಿಲ್ಲ. ಚಂದಲೆಯೇ ಎಂದ. ಕಣ್ಣು ಎದ್ದಿತು. ಆಗ ಅರಸ ಕೇಳಬಾರದೆಂದುಕೊಂಡಿದ್ದನ್ನು ಕೇಳಿದ.

"ಇಷ್ಟು ದಿನ ನಾವು ಇಲ್ಲಿ ನಿಂತು ಆಡಿದ ಮಾತೆಲ್ಲ ಕೇಳಿಸುತ್ತಿತ್ತೇ, ಮಗಳೇ?"

ಕಣ್ಣು ಎದ್ದಿತು. ಗಂಜಿ ನಿಲ್ಲಿಸುವ ಮಾತೂ ಅಲ್ಲೇ ಆಗಿತ್ತು. ಅರಸ ಮಂಚದ ಕಾಲು ಹಿಡಿದು ಕುಸಿದು ಕೂತ.

ಕೆಂಚ ಬೇಡಿದ್ದು ಅಣ್ಣನನ್ನು. ತಿಪ್ಪಣ್ಣ ಅಂದೇ ಸೆರೆಯಿಂದ ಹೊರಬಂದು ಊರ ದಾರಿ ಹಿಡಿದ. ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತೇನೆಂದು ಅರಸ ಹೇಳಿದಾಗ, ಅದಕ್ಕೆ ಅಮ್ಮನವರನ್ನು ಕೇಳಬೇಕು ಎಂದ ಕೆಂಚ. ಕೇಳಿದರು. ಕಣ್ಣು ಅಲುಗಲಿಲ್ಲ. ಇವನು ಇಲ್ಲೇ ಉಳಿದು ನಿನ್ನ ಮಾತು ನಮಗೆ ತಿಳಿಸಬೇಕೇ ಎಂದಾಗ ಎದ್ದಿತು. ಹಾಗೆ ಕೆಂಚನಿಗೆ ಅರಮನೆಯ ಬಳಿ ಮನೆ, ಬಾಳೆಗುಡ್ಡದಲ್ಲಿ ಹೊಲ ಸಿಕ್ಕವು. ಅರಮನೆಯ ಲೆಕ್ಕ ಬರೆಯುವ ಕರಣಿಕ ಅಕ್ಷರಮಾಲೆ ಹೇಳುತ್ತ ಹೋಗುವುದು, ಕಣ್ಣೆದ್ದ ಅಕ್ಷರದಲ್ಲಿ ಕೆಂಚ ನಿಲ್ಲಿಸುವುದು, ಹೀಗೆ ಅವಳು ಮಾತಾಡಿದಳು.

ಮೊದಲ ಮಾತು ಕೂಡಿಬರಲು ಇಡೀ ಹಗಲು ಹಿಡಿಯಿತು. ತಲೆ ಹೋದ ಏಳು ಜನರ ಮನೆಗೆ ಹೋಗಿ ಎಂಬುದು ಆ ಮಾತು. ಅರಸ ಕುದುರೆ ತರಿಸಲಿಲ್ಲ, ಜೊತೆಗೆ ಯಾರನ್ನೂ ಕರೆಯಲಿಲ್ಲ. ಮೊದಲನೆಯ ಮನೆ ಎಲ್ಲಿದೆಯೆಂದು ಕೋಟೆ ಬಾಗಿಲಲ್ಲಿ ವಿಚಾರಿಸಿಕೊಂಡು ನಡೆದು ಹೋದ.