ಏರಿಯ ಮೇಲೆ ನಿಂತ ಪದ

"ಅಯ್ಯ, ಕುಣಿಯುತ್ತಾ ಹಾಡುವುದಕ್ಕೆ ಉಸಿರು ಎಲ್ಲಿಂದ ತರುವುದು?" ಎಂದು ಹೊನ್ನಾಜಮ್ಮ ತನ್ನ ಗುರುಗಳನ್ನು ಕೇಳಿದಳು.

ಅವಳು ಹೆಂಗಸರ ಕೋಲಾಟದ ಮೇಳವೊಂದರ ಮುಂದಾಳು. ಗುರುಗಳ ಹತ್ತಿರ ಹೆಜ್ಜೆ ಕಲಿತು ಹತ್ತು ವರ್ಷವಾಗಿತ್ತು. ಕೂತು ಹಾಡಿದರೆ ಅವಳ ಕಂಠಕ್ಕೆ ಎದುರಿಲ್ಲ. ಬಾಯಿ ಮುಚ್ಚಿ ಕುಣಿದರೆ ಕಾಲಿಗೆ ದಣಿವಿಲ್ಲ. ಎರಡೂ ಒಟ್ಟಾದರೆ ಮಾತ್ರ ಮೂರನೆಯ ಪದಕ್ಕೆ ಎದೆ ತಿದಿಯಾಗುತ್ತಿತ್ತು. ಹೋದ ಯುಗಾದಿಯಲ್ಲಿ ಪದದ ನಡುವೆಯೇ ಕುಸಿದು ಕೂತಿದ್ದಳು. ಇನ್ನೊಮ್ಮೆ ಹಾಗಾದರೆ ಮುಂದಾಳಿನ ಜಾಗ ಬೇರೆಯವರಿಗೆ ಎಂದು ಮೇಳದ ಹಿರಿಯರು ಹೇಳಿಯಾಗಿತ್ತು. ಮೆತ್ತಗೆ ಹೇಳಿದ್ದರು, ಅದೇ ಹೆಚ್ಚು ಚುಚ್ಚಿತ್ತು.

ಗುರುಗಳು ಕೋಲುಗಳಿಗೆ ಎಣ್ಣೆ ಸವರುತ್ತಿದ್ದರು. ಸವರುತ್ತಲೇ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕೋಲಾಟದವನಿದ್ದ. ಅವನದು ಹನ್ನೆರಡು ಜನರ ಮೇಳ, ಅವನೇ ಮುಂದಾಳು. ಆ ಊರಿಗೂ ಆಚೆ ದಡದ ಊರಿಗೂ ನಡುವೆ ಒಂದು ಕೆರೆ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಮೊದಲ ಬಾಗಿನ ಬಿಡುವ ಹಕ್ಕು ಅವನ ಊರಿನದು. ಆ ಹಕ್ಕಿಗೊಂದು ಕಟ್ಟಳೆ ಇತ್ತು. ಏರಿಯ ಈ ತುದಿಯಿಂದ ಆ ತುದಿಯವರೆಗೆ ಮೇಳ ಕುಣಿಯುತ್ತಾ ಹಾಡುತ್ತಾ ಹೋಗಬೇಕು. ನಡುವೆ ಪದ ನಿಂತರೆ ಬಾಗಿನ ಆಚೆ ದಡದವರದು. ಅಜ್ಜಂದಿರ ಕಾಲದಿಂದ ಪದ ನಿಂತಿರಲಿಲ್ಲ.

ಮುಂದಾಳು ಒಂದು ಸಾಲು ಹಾಡುತ್ತಿದ್ದ. ಸಾಲು ಮುಗಿದ ಕೂಡಲೇ ಉಳಿದ ಹನ್ನೊಂದು ಜನ ಸೊಲ್ಲು ಎತ್ತಿಕೊಳ್ಳುತ್ತಿದ್ದರು. ಸಾಲು ಬದಲಾದರೂ ಸೊಲ್ಲು ಅದೇ. ಅವರು ಹಾಡುವಷ್ಟು ಹೊತ್ತು ಅವನಿಗೆ ಉಸಿರು, ಅವನು ಹಾಡುವಷ್ಟು ಹೊತ್ತು ಅವರಿಗೆ. ಹಿಂದಿನವರು ಏರಿ ದಾಟಿದ್ದು ಹಾಗೆ. ಆದರೆ ಹನ್ನೊಂದರಲ್ಲಿ ಒಬ್ಬ ಶ್ರುತಿ ತಪ್ಪುತ್ತಿದ್ದ, ಒಬ್ಬ ತಡವಾಗಿ ಎತ್ತುತ್ತಿದ್ದ, ಇನ್ನೊಬ್ಬನದು ಒಡಕು ಮಡಕೆಯ ದನಿ. ಇವರನ್ನು ನಂಬಿ ಏರಿ ಹತ್ತುವುದು ಹೇಗೆ ಎಂದು ಮುಂದಾಳಿಗೆ ದಿಗಿಲಾಯಿತು. ತನ್ನ ಉಸಿರನ್ನೇ ಬೆಳೆಸಲು ನಿಂತ.

ಕೆರೆಯಿಂದ ಮನೆಗೆ ಕೊಡ ಹೊತ್ತು ಹಾಡುತ್ತಾ ನಡೆದ. ಮೊದಲು ಒಂದು ಕೊಡ, ಆಮೇಲೆ ಎರಡು. ಭತ್ತ ಕುಟ್ಟುತ್ತಾ ಹಾಡಿದ, ಗುಡ್ಡ ಹತ್ತುತ್ತಾ ಹಾಡಿದ. ಮನೆಗೆಲಸ ಇಷ್ಟು ಸಲೀಸಾಗಿ ಎಂದೂ ಆಗಿರಲಿಲ್ಲವೆಂದು ಅವನ ಹೆಂಡತಿ ನೆರೆಯವಳಿಗೆ ಹೇಳಿದಳಂತೆ. ವರ್ಷ ತುಂಬುವಷ್ಟರಲ್ಲಿ ಎದೆ ಗಟ್ಟಿಯಾಯಿತು. ಅಂದಿನಿಂದ ಸಾಲನ್ನೂ ಅವನೇ ಹಾಡಿದ, ಸೊಲ್ಲನ್ನೂ ಅವನೇ ಹಾಡಿದ. ಹನ್ನೊಂದು ಜನಕ್ಕೆ ಮೊದಮೊದಲು ಮುಜುಗರವಾಯಿತು. ಆಮೇಲೆ ಹಾಯೆನಿಸಿತು, ಕುಣಿದರೆ ಸಾಕಲ್ಲವೇ. ಊರು ಅವನನ್ನು ಹೊಗಳಿತು.

ಇಷ್ಟು ಕೇಳಿದ ಹೊನ್ನಾಜಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ಸರಿಯಾಗೇ ಮಾಡಿದ ಬಿಡಿ ಅಯ್ಯ. ಅಪಸ್ವರ ಕೇಳಿಕೊಂಡು ಕುಣಿಯೋದಕ್ಕಿಂತ ಒಬ್ಬರೇ ಹಾಡೋದು ವಾಸಿ. ನಾನೂ ಹಾಗೇ ಮಾಡ್ತಿದೀನಿ. ಮೇಳದಲ್ಲಿರೋ ನಮ್ಮ ನಾದಿನಿ ಸೊಲ್ಲೆತ್ತಿದರೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತೆ."

"ಅವನೂ ಹೀಗೇ ಅಂದ," ಎಂದು ಗುರುಗಳು ಮುಂದುವರಿಸಿದರು.

ಐದು ಮಳೆಗಾಲ ಕೆರೆ ತುಂಬಲಿಲ್ಲ. ಆರನೆಯದರಲ್ಲಿ ಕೋಡಿ ಬಿತ್ತು. ಮೇಳ ಏರಿ ಹತ್ತಿತು. ಅರ್ಧ ದಾರಿ ಕಳೆದರೂ ಮುಂದಾಳಿನ ದನಿ ನಡುಗಲಿಲ್ಲ. ತೂಬಿನ ಹತ್ತಿರ ನೀರಿನ ಮೇಲಿಂದ ನೊರಜು ಹುಳುಗಳ ಹಿಂಡು ಎದ್ದು ಬಂತು. ಒಂದು ನೊರಜು ಅವನ ಗಂಟಲಿಗೆ ಹೋಯಿತು. ಮುಂದಾಳು ಕೆಮ್ಮಿದ. ಮತ್ತೆ ಕೆಮ್ಮಿದ.

ಕಾಲು ನಿಲ್ಲಲಿಲ್ಲ. ಸೊಲ್ಲು ಎತ್ತಿರೆಂದು ಹಿಂತಿರುಗಿ ಕಣ್ಣಲ್ಲೇ ಬೇಡಿಕೊಂಡ. ಹನ್ನೊಂದು ಜನವೂ ಬಾಯಿ ತೆರೆದರು. ಐದು ವರ್ಷ ಬರಿದೇ ಕುಣಿದ ಎದೆಗಳು ಅವು. ಒಬ್ಬನಿಗೆ ಅರ್ಧ ಸೊಲ್ಲಿಗೇ ಉಸಿರು ಕಟ್ಟಿತು. ದನಿ ತೆಗೆದ ಇನ್ನೊಬ್ಬ ಹೆಜ್ಜೆ ತಪ್ಪಿ ಪಕ್ಕದವನ ಕೋಲಿನ ಪೆಟ್ಟು ತಿಂದ. ಉಳಿದವರ ಬಾಯಿಂದ ಗಾಳಿಯಷ್ಟೇ ಹೊರಟಿತು. ಏರಿಯ ಮೇಲೆ ಕೋಲಿನ ಸದ್ದೊಂದೇ ಉಳಿಯಿತು.

ಬಾಗಿನದ ಮೊರ ಹಿಡಿದು ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಹನ್ನೊಂದು ಮುಖಗಳನ್ನೂ ನೋಡಿದಳು. "ಇವರಿಗೆ ಹಾಡು ಕಲಿಸಿರಲಿಲ್ಲವೇನಪ್ಪ?" ಎಂದು ಮುಂದಾಳನ್ನು ಕೇಳಿದಳು. ಆಮೇಲೆ ಮೊರವನ್ನು ಏರಿಯ ಆ ತುದಿಯಲ್ಲಿ ಕಾದಿದ್ದ ಆಚೆ ದಡದವರ ಕೈಗೆ ಕೊಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮುಂದೇನಾಯಿತೆಂದು ಕೇಳಲು ಹೊನ್ನಾಜಮ್ಮನಿಗೆ ಮನಸ್ಸಾಗಲಿಲ್ಲ. ತಾನು ಬಂದದ್ದು ಉಪಾಯ ಕೇಳಲು. ಅದನ್ನಾದರೂ ಕೇಳಿಕೊಂಡು ಹೋಗೋಣವೆನಿಸಿತು. ನಾಳೆಯಿಂದ ತಾನೂ ಕೊಡ ಹೊತ್ತು ಹಾಡಲೇ ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಹೊರು ತಾಯಿ, ಪಕ್ಕದಲ್ಲಿ ನಾದಿನಿಗೂ ಒಂದು ಕೊಡ ಹೊರಿಸು, ಸೊಲ್ಲು ಅವಳು ಹಾಡಲಿ," ಎಂದರು ಗುರುಗಳು.